ಕೈ ಎತ್ತುವ ಕೆಲಸ

ನನ್ನ ಕೆಲಸ ಕೈ ಎತ್ತುವುದು.
ಅಷ್ಟಕ್ಕೇ ಸಂಬಳ ಎಂದರೆ
ಅಮ್ಮ ಇವತ್ತಿಗೂ ನಂಬುವುದಿಲ್ಲ.

ಲಿಮಾದ ಉತ್ತರದ ಅಂಚಿನಲ್ಲಿ
ಗುಡ್ಡ ಹತ್ತಿ ಕುಳಿತ ಮನೆಗಳಿಗೆ
ಅಡುಗೆ ಅನಿಲದ ಕೊಳವೆ ಹೂಳುತ್ತಿದ್ದಾರೆ.
ಮಳೆ ಎಂದೂ ಮಳೆಯಾಗದ ಊರು;
ಮಂಜು ಜಿನುಗಿ ಜಿನುಗಿ
ಹೆಲ್ಮೆಟ್ಟಿನ ಅಂಚಿಗೆ ಒಂದು ಹನಿಯಾಗುವಷ್ಟರಲ್ಲಿ ಮಧ್ಯಾಹ್ನ.
ಎಲಿಯೋದೋರೊನ ಯಂತ್ರ ಬೀದಿಯನ್ನು ಬಗೆಯುತ್ತದೆ,
ನಾನು ಗುಂಡಿಯ ಬಾಯಲ್ಲಿ ನಿಂತು
ಅದರ ಹಲ್ಲಿಗೇನು ಸಿಕ್ಕಿತೆಂದು ನೋಡುತ್ತೇನೆ.

ಹನ್ನೊಂದು ತಿಂಗಳಲ್ಲಿ ಸಿಕ್ಕಿದ್ದು
ಬಿಯರ್ ಬಾಟಲಿಯ ಕತ್ತು, ಯಾರದೋ ನಾಯಿಯ ದವಡೆ,
ಎಡಗಾಲಿನ ಒಂದು ರಬ್ಬರ್ ಚಪ್ಪಲಿ.
ಎಲ್ಲವನ್ನೂ ಬರೆದಿದ್ದೇನೆ, ಆಳದ ಸಮೇತ.

ಒಂದನ್ನು ಬರೆದಿಲ್ಲ.
ಜೂನ್ ತಿಂಗಳ ಸಂಜೆ. ಫೋನಿನಲ್ಲಿ ತಂಗಿ ಅಳುತ್ತಿದ್ದಳು,
ನಾನು ಗುಂಡಿಗೆ ಬೆನ್ನು ಹಾಕಿದ್ದೆ.
ಠಕ್ ಎಂದಿತು.
ಕಲ್ಲಿಗೆ ಅಷ್ಟು ತೆಳ್ಳಗಿನ ದನಿ ಇರುವುದಿಲ್ಲ.
ತಿರುಗುವಷ್ಟರಲ್ಲಿ ಬಕೆಟ್ಟು ಲಾರಿಯ ಮೇಲೆ ಬಗ್ಗಿತ್ತು.
ಎಲಿಯೋದೋರೊ ನನ್ನ ಮುಖ ನೋಡಿದ,
ನಾನು ನನ್ನ ಬೂಟು ನೋಡಿಕೊಂಡೆ.
ಲಾರಿ ಹೊರಟಿತು.
ಆ ಮಣ್ಣು ಈಗ ಯಾವ ತಗ್ಗನ್ನು ತುಂಬಿದೆಯೋ,
ಯಾರ ಕಾರು ಅದರ ಮೇಲೆ ನಿಂತಿದೆಯೋ.

ಆಗಸ್ಟಿನಲ್ಲಿ ಕೈ ಎತ್ತಿದೆ.
ಒಂದೇ ಒಂದು ಎಳೆ ದಾರ, ಕಂದು,
ಬಣ್ಣ ಹಾಕಿದ್ದಲ್ಲ, ಕಂದಾಗಿಯೇ ಬೆಳೆದ ಹತ್ತಿ.
ಯಂತ್ರ ಕೆಮ್ಮಿ ನಿಂತಿತು.
ಈ ಬೀದಿಯಲ್ಲಿ ಕೋಳಿಗಳಿವೆ ಎಂದು ಅವತ್ತೇ ಗೊತ್ತಾಗಿದ್ದು.

ಆಮೇಲೆ ಕುಂಚ, ಚಮಚ, ತರಚಿದ ಮೊಣಕಾಲು.
ಮೂರನೆಯ ದಿನ ಬಟ್ಟೆಯ ಗಂಟು,
ಗಂಟಿನೊಳಗೆ ಕಾಲು ಮಡಚಿ ಕೂತ ಒಬ್ಬಾಕೆ,
ಪಕ್ಕದಲ್ಲಿ ಬೆರಳಿನಷ್ಟು ಜೋಳದ ತೆನೆ,
ಒಂದು ಗಡಿಗೆ.

ಹದಿನಾಲ್ಕನೇ ನಂಬರಿನ ದೋನ್ಯಾ ಫೆಲಿಸಿತಾಸ್
ಸೊಂಟಕ್ಕೆ ಕೈ ಕೊಟ್ಟು ಬಂದು ನಿಂತಳು.
"ಆರು ವರ್ಷದಿಂದ ಕಾಯ್ತಿದೀನಿ ಈ ಕೊಳವೆಗೆ.
ಸಿಲಿಂಡರು ಹೊತ್ತು ನೂರಾ ಹತ್ತು ಮೆಟ್ಟಿಲು ಹತ್ತೋಳು ನಾನು,
ಅವಳಲ್ಲ.
ಸತ್ತೋರಿಗೇನವಸರ?
ಕಾಯೋದಾದ್ರೆ ಅವರೇ ಕಾಯಲಿ."
ನನ್ನ ಚೀಲದಲ್ಲಿ ಕಾನೂನಿನ ಹಾಳೆಯಿತ್ತು, ಮೊಹರಿನ ಸಮೇತ.
ತೆಗೆಯಲಿಲ್ಲ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ,
ಸಿಗಲಿಲ್ಲ.

ಮರುದಿನ ಮತ್ತೆ ಬಂದಳು, ಬೈಯುವುದಕ್ಕೇ.
ಹಗ್ಗದ ಮೇಲಿಂದ ಬಗ್ಗಿದಳು.
ಗಡಿಗೆಯ ತಳ ಕಪ್ಪು, ಒಂದು ಮಗ್ಗುಲು ಇನ್ನೂ ಕಪ್ಪು.
ಬಹಳ ಹೊತ್ತು ಸುಮ್ಮನಿದ್ದು ಅಂದಳು:
"ಒಲೆ ವಾಲಿತ್ತು ಅವಳದು.
ನೋಡು, ಉಕ್ಕಿ ಸೀದಿದೆ ಇಲ್ಲಿ.
ಯಾರೋ ಕರೆದಿರಬೇಕು,
ಎದ್ದು ಹೋಗಿದಾಳೆ."

ನಾನು ಬರೆದದ್ದು: ಮಸಿಯ ಲೇಪ ಅಸಮ; ಬಳಕೆಯ ಗುರುತು.
ನಲವತ್ತು ಪುಟಗಳಲ್ಲಿ ಎಲ್ಲೂ
ಆ ವಾಲಿದ ಒಲೆ ಇಲ್ಲ.

ಎಂಜಿನಿಯರು ಬಂದು ಕೊಳವೆಯ ಗೆರೆಯನ್ನು
ಒಂದು ಮೀಟರು ಇಪ್ಪತ್ತು ಸರಿಸಿದ.
ನಕ್ಷೆಯಲ್ಲಿ ಅದೊಂದು ಅಕ್ಕಿಕಾಳು.
ನೆಲದ ಮೇಲೆ, ಫೆಲಿಸಿತಾಸಳ ಹೊಸಿಲ ಮುಂದಿನ ಮೆಟ್ಟಿಲು.
ಗಂಡ ಹಾಕಿದ್ದು. ಹಸಿ ಸಿಮೆಂಟಿಗೆ
ಹೆಬ್ಬೆರಳೊತ್ತಿ ನಕ್ಕಿದ್ದನಂತೆ; ಗುರುತು ಹಾಗೇ ಇದೆ.
ಅವಳು ಜಗಳ ಆಡಲಿಲ್ಲ.
"ಇದನ್ನೂ ಹಾಗೇ ಎತ್ತು," ಅಂದಳು,
"ಅವಳನ್ನೆತ್ತಿದ ಹಾಗೇ."

ಒಂದಿಡೀ ಮಧ್ಯಾಹ್ನ ಹಿಡಿಯಿತು.
ಸುತ್ತ ಕೆತ್ತಿ, ಕುಂಚವಾಡಿಸಿ, ಬಟ್ಟೆ ಸುತ್ತಿ,
ಎಲಿಯೋದೋರೊ ಒಂದು ಕಡೆ ನಾನೊಂದು ಕಡೆ ಹೊತ್ತು
ಒಳಗಿಟ್ಟೆವು, ಖಾಲಿ ಸಿಲಿಂಡರಿನ ಪಕ್ಕ.
ಚೀಟಿ ಬೇಕೆಂದಳು. ಬರೆದುಕೊಟ್ಟೆ:
ವಸ್ತು ಸಿಮೆಂಟು. ಆಳ ಸೊನ್ನೆ.
ಕಾಲ, ಅವಳೇ ಹೇಳಿದಂತೆ, ಮಾರ್ಚಿನ ಒಂದು ಭಾನುವಾರ,
ಊಟಕ್ಕೆ ಮುಂಚೆ.

ಸೋಮವಾರ ಯಂತ್ರಕ್ಕೆ ಮತ್ತೆ ಜೀವ.
ಕೀಲಿ ತಿರುಗಿಸುವ ಮುಂಚೆ ಎಲಿಯೋದೋರೊ ಈಗ
ಒಮ್ಮೆ ನನ್ನತ್ತ ನೋಡುತ್ತಾನೆ. ನಾನು ತಲೆಯಾಡಿಸುತ್ತೇನೆ.
ಜೇಬಿನಲ್ಲಿ ಫೋನು ನಡುಗುತ್ತಿದೆ,
ತಂಗಿಯೇ ಇರಬೇಕು.
ಬಕೆಟ್ಟು ಇಳಿಯುತ್ತಿದೆ.